ಅರವತ್ತು ಕುದುರೆ, ಒಂದು ಗೇಣು ಸರಪಳಿ

ಅಳತೆ ಭಾವ ಎಂಬ ಹೆಸರಿಟ್ಟವನು ಬಾಮೈದನೇ. ಹೆಂಡತಿಯ ತಮ್ಮ ತಮಾಷೆಗೆ ಇಟ್ಟ ಹೆಸರನ್ನು ಕೇರಿಯೆಲ್ಲ ಎತ್ತಿಕೊಂಡು, ಕೊನೆಗೆ ತಲೆ ನರೆತವರೂ ಅವನನ್ನು ಭಾವ ಎಂದೇ ಕರೆಯತೊಡಗಿದರು. ಹೆಸರೇನೂ ತಪ್ಪಲ್ಲ ಬಿಡಿ. ಅವನ ಕಸುಬು ಡೀಸೆಲ್ ಪಂಪುಗಳ ರಿಪೇರಿ. ಲಾರಿಯದಾಗಲಿ, ಬಸ್ಸಿನದಾಗಲಿ, ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಪಂಪನ್ನು ಬಿಚ್ಚಿ, ತೊಳೆದು, ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಹನಿಯಷ್ಟು ವ್ಯತ್ಯಾಸ ಬಾರದಂತೆ ಗಾಜಿನ ಕೊಳವೆಗಳಲ್ಲಿ ಅಳೆದು ಕೂಡಿಸುವ ಕೆಲಸ. ಅಳೆದೂ ಅಳೆದೂ ಅವನ ಮಾತಿಗೇ ಆ ಚಾಳಿ ಅಂಟಿತ್ತು. ಚಹಾ ಬಿಸಿ ಇದೆಯಾ ಎಂದರೆ ಹೌದು ಅನ್ನುವವನಲ್ಲ, ಇನ್ನೆರಡು ಗುಟುಕಿನ ಹೊತ್ತು ಬಿಟ್ಟರೆ ಸರಿಹೋಗುತ್ತದೆ ಅನ್ನುವವನು. ಮದುವೆಯಾದ ಹೊಸತರಲ್ಲಿ, ನನ್ನ ಮೇಲೆ ಪ್ರೀತಿ ಇದೆಯಾ ಎಂದು ಹೆಂಡತಿ ಕೇಳಿದ್ದಕ್ಕೆ, ಹೋದ ತಿಂಗಳಿಗಿಂತ ಸ್ವಲ್ಪ ಜಾಸ್ತಿ ಎಂದಿದ್ದನಂತೆ. ಅದನ್ನು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಗುವುದೇನೋ ನಗಲಿ, ಆದರೆ ಭಾವ ಒಂದು ಅಳತೆ ಹೇಳಿದನೆಂದರೆ ಮತ್ತೆ ಯಾರೂ ಟೇಪು ಹಿಡಿಯುತ್ತಿರಲಿಲ್ಲ. ಅಷ್ಟು ನಂಬಿಕೆ.

ಬಾಮೈದ ರೋಡ್ ರೋಲರ್ ಓಡಿಸುವವನು. ಓಡಿಸುವವನು ಅಂದದ್ದು ಮರ್ಯಾದೆಗೆ. ಅದು ಓಡುವ ಗಾಡಿಯಲ್ಲ. ಹತ್ತು ಮಾರು ಮುಂದೆ, ಹತ್ತು ಮಾರು ಹಿಂದೆ, ಬೆಳಗಿನಿಂದ ಸಂಜೆಯವರೆಗೆ ಅದೇ ಜಲ್ಲಿಯ ಮೇಲೆ ಹೋಗಿಬರುವ ಬಾಳು. ಅವನಿಗೆ ಜಗತ್ತಿನಲ್ಲಿ ಯಾವುದಕ್ಕೂ ಅವಸರವಿಲ್ಲ. ಊಟಕ್ಕೆ ಕೂತರೆ ಏಳುವ ಹೊತ್ತಿಗೆ ಮಿಕ್ಕವರಿಗೆ ಮತ್ತೆ ಹಸಿವಾಗಿರುತ್ತಿತ್ತು.

ಈ ಇಬ್ಬರಿಗೂ ಒಂದೇ ಹುಚ್ಚು, ಹಳೆಯ ಟ್ರ್ಯಾಕ್ಟರುಗಳದ್ದು. ಭಾವನ ಬಳಿ ಇದ್ದದ್ದು ನಾಲ್ಕು ಸಿಲಿಂಡರಿನ, ಅರವತ್ತು ಕುದುರೆಗಳ ಬಲದ, ಅಂದರೆ ಅರವತ್ತು ಎಚ್‌ಪಿಯ ಗಾಡಿ. ಅದು ಬಂದಾಗ ಎಂಜಿನ್ನಿನ ಮೈ ಬಿರುಕು ಬಿಟ್ಟಿತ್ತು. ಬಿರುಕಿನುದ್ದಕ್ಕೂ ತೂತು ಕೊರೆದು, ಕಬ್ಬಿಣದ ಮೊಳೆ ತಿರುಪಿ ತಿರುಪಿ ಕೂರಿಸಿ, ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ ಅದನ್ನು ಹೊಲಿದಿದ್ದ. ಪಂಪು ಅವನದೇ ಕೈಯದು, ಕೇಳಬೇಕೆ? ಹೊಗೆ ಕಾಣುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟರೂ ನೀರು ತುಳುಕುತ್ತಿರಲಿಲ್ಲ. ಮನೆಯಲ್ಲಿ ಅದನ್ನು ಅರವತ್ತು ಎಂದೇ ಕರೆಯುತ್ತಿದ್ದರು.

ಬಾಮೈದನದು ಅದಕ್ಕಿಂತ ಬಹಳ ಹಳೆಯದು. ಅದರ ಹೆಸರು ಮುದುಕ. ಒಂದೇ ಒಂದು ಸಿಲಿಂಡರು, ಆದರೆ ಅದರ ಪಿಸ್ಟನ್ನು ಅಡುಗೆಮನೆಯ ದೊಡ್ಡ ಪಾತ್ರೆಯಷ್ಟು. ಎಂಜಿನ್ನಿನ ಪಕ್ಕ ತಿರುಗುವ ಭಾರದ ಗಾಲಿ, ಅಂದರೆ ಫ್ಲೈವೀಲ್, ಒಂದು ಎಣ್ಣೆಗಾಣದ ಹಿತ್ತಲಲ್ಲಿ ಸಿಕ್ಕಿತ್ತು, ಗೇರ್‌ಬಾಕ್ಸು ಗುಜರಿಯಲ್ಲಿ, ಚಕ್ರಗಳು ಯಾರದೋ ಬಾವಿಯ ಪಕ್ಕದಲ್ಲಿ. ಒಂದೊಂದನ್ನೂ ಹುಡುಕಿ ತಂದು ಜೋಡಿಸುವುದರಲ್ಲಿ ಅವನ ತಲೆಗೂದಲು ಅರ್ಧ ಉದುರಿತ್ತು. ಇಷ್ಟೆಲ್ಲ ಮಾಡಿ ಅದರ ಬಲ ಇಪ್ಪತ್ತೈದು ಎಚ್‌ಪಿ. ಅದಕ್ಕೊಂದು ವಿಚಿತ್ರ ಗುಣವಿತ್ತು. ಅದರ ಎಂಜಿನ್ನಿಗೆ ಮುಂದು ಯಾವುದು, ಹಿಂದು ಯಾವುದು ಎಂಬ ಗೊಡವೆಯೇ ಇಲ್ಲ. ತೀರಾ ನಿಧಾನವಾದರೆ ಒಮ್ಮೆ ತೂಗಾಡಿ, ಒದ್ದು, ಉಲ್ಟಾ ತಿರುಗತೊಡಗುತ್ತಿತ್ತು. ಆಗ ಮುಂದಿನ ಗೇರು ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತಿತ್ತು. ಹಾಗೆ ಒಂದು ಸಲ ಹೋಗಿ ಶೆಡ್ಡಿನ ಹಿಂಗೋಡೆಯನ್ನು ಮಲಗಿಸಿತ್ತು.

ಶೆಡ್ಡು ಹೆಂಡತಿಯದು. ಅವಳು ಲಾರಿಗಳಿಗೆ ಟಾರ್ಪಾಲಿನ್ ಹೊಲಿಯುವವಳು. ಒಂದೊಂದು ಹಾಸೂ ಮನೆಯ ಅಂಗಳದಷ್ಟು ಇರುತ್ತದೆ, ಅದನ್ನು ಹರಡಲು ನೆಲ ಬೇಕು. ಅವಳು ಎರಡು ಟ್ರ್ಯಾಕ್ಟರುಗಳ ನಡುವೆ ಬಟ್ಟೆಯನ್ನು ಮಡಿಸಿ, ತೆವಳಿ, ಕುಕ್ಕರಗಾಲಲ್ಲಿ ಕೂತು ಹೊಲಿದು ಸೊಂಟ ಹಿಡಿಸಿಕೊಂಡಿದ್ದಳು. ಒಂದು ದಿನ ಹೊಸ ಹಾಸಿನ ನಟ್ಟನಡುವೆ ಮುದುಕ ಎಣ್ಣೆ ತೊಟ್ಟಿಕ್ಕಿಸಿತು. ಅದನ್ನು ಒರೆಸಲು ಹೋದಾಗ ಅರವತ್ತರ ಕೊಂಡಿಗೆ ಸಿಕ್ಕಿ ಅಂಚು ಹರಿಯಿತು. ಅವಳು ಕಿರುಚಲಿಲ್ಲ. ಕತ್ತರಿ ಕೆಳಗಿಟ್ಟು, ಎರಡರಲ್ಲಿ ಒಂದು ಹೊರಗೆ ಹೋಗಬೇಕು, ಯಾವುದೆಂದು ನೀವಿಬ್ಬರೇ ತೀರ್ಮಾನಿಸಿ, ಇಲ್ಲವಾದರೆ ಎರಡನ್ನೂ ನಾನೇ ಕಳಿಸುತ್ತೇನೆ ಎಂದಳು. ಅವಳು ಕಿರುಚಿದ್ದರೆ ಗಂಡನೂ ತಮ್ಮನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವೇನೋ. ಮೆಲ್ಲಗೆ ಹೇಳಿದ್ದರಿಂದ ಇಬ್ಬರ ಬಾಯೂ ಕಟ್ಟಿತು.

ಹಳೆಯ ಕಬ್ಬಿಣಕ್ಕೆ ಬೇರೆಲ್ಲಿ ಜಾಗ? ಗುಜರಿಯವನು ಒಡೆಯುತ್ತೇನೆ ಎಂದ. ಒಡೆಯದೆ ಇಟ್ಟುಕೊಳ್ಳುತ್ತೇನೆ ಎಂದವರು ಹೆದ್ದಾರಿಯ ಪೆಟ್ರೋಲ್ ಬಂಕಿನ ಯಜಮಾನರು ಒಬ್ಬರೇ. ಅವರಿಗೆ ಬಂಕಿನ ಬಾಗಿಲಲ್ಲಿ ನೋಡಿದವರು ನಿಲ್ಲುವಂಥ ಏನಾದರೂ ಬೇಕಿತ್ತು. ಕೆಂಪು ಬಣ್ಣ ಹೊಡೆಸಿ, ಎಣ್ಣೆಯೆಲ್ಲ ಬಸಿದು, ಮಕ್ಕಳು ಹತ್ತಿ ಇಳಿದರೂ ಅಲುಗದಂತೆ ನಾಲ್ಕೂ ಚಕ್ರ ಸಿಮೆಂಟಿನಲ್ಲಿ ಕೂರಿಸುತ್ತೇನೆ ಎಂದು ಖುಷಿಯಿಂದ ವಿವರಿಸಿದರು. ಕೇಳುತ್ತಿದ್ದ ಭಾವನಿಗೆ ತನ್ನ ಕಾಲಿಗೇ ಸಿಮೆಂಟು ಸುರಿದಂತಾಯಿತು. ಬಾಮೈದ ಎದ್ದು ಹೊರಗೆ ಹೋದ.

ತೀರ್ಮಾನಕ್ಕೆ ಇದ್ದದ್ದು ಒಂದೇ ದಾರಿ. ಇಷ್ಟು ವರ್ಷ ಊಟದ ಮಣೆಯ ಮೇಲೆ ಕೂತು ಆಡಿದ ಜಗಳವನ್ನು ನೆಲದ ಮೇಲೆ ಆಡಿ ಮುಗಿಸುವುದು. ಯಾವುದು ಹೆಚ್ಚು ಎಳೆಯುತ್ತದೆ? ಸೋತದ್ದು ಬಂಕಿಗೆ. ಭಾವನ ವಾದ ಸೀದಾ. ಎಚ್‌ಪಿ ಎಂದರೆ ಎಷ್ಟು ಭಾರವನ್ನು ಎಷ್ಟು ಬೇಗ ಎಳೆದೆ ಎಂಬ ಲೆಕ್ಕ, ಅರವತ್ತು ಇಪ್ಪತ್ತೈದರ ಎರಡರಷ್ಟಕ್ಕಿಂತ ಜಾಸ್ತಿ, ಇದರಲ್ಲಿ ಜಗಳಕ್ಕೇನಿದೆ. ಬಾಮೈದ ಇದಕ್ಕೆ ಮೂಗು ಮುರಿಯುತ್ತಿದ್ದ. ಬೇಗ ಎಂಬ ಮಾತನ್ನು ತೆಗೆದುಹಾಕಿ ಲೆಕ್ಕ ಮಾಡಿ, ನಿಮ್ಮ ಕುದುರೆಗಳು ಓಡುವುದಕ್ಕೆ ಸರಿ, ನನ್ನವು ಎಳೆಯುವುದಕ್ಕೆ ಎನ್ನುತ್ತಿದ್ದ. ಭಾವ ಸುಮ್ಮನೆ ನಂಬಿಕೊಂಡು ಕೂರುವವನಲ್ಲ. ಎಳೆತವೆಂದರೆ ಎಂಜಿನ್ನೊಂದೇ ಅಲ್ಲ, ಗಾಡಿಯ ತೂಕವೂ ಚಕ್ರದ ಹಿಡಿತವೂ ಸೇರಿ ಆಗುವುದು ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಅರವತ್ತರ ಹಿಂದಿನ ಟೈರುಗಳಿಗೆ ನೀರು ತುಂಬಿಸಿದ, ಮೂತಿ ಮೇಲೇಳದಂತೆ ಮುಂದಕ್ಕೆ ಕಬ್ಬಿಣದ ತೂಕ ನೇತುಹಾಕಿದ. ಇಷ್ಟಾದ ಮೇಲೆ ಎರಡರ ತೂಕವೂ ಹೆಚ್ಚುಕಡಿಮೆ ಸಮ. ಯಾವ ಕಡೆಯಿಂದ ಕೂಡಿ ಕಳೆದರೂ ಅರವತ್ತೇ ಗೆಲ್ಲಬೇಕಿತ್ತು.

ಇಟ್ಟಿಗೆ ಭಟ್ಟಿಯ ಹಿಂದೆ ಮಣ್ಣು ತೆಗೆದು ಚಪ್ಪಟೆಯಾದ ಬಯಲಿತ್ತು. ಭಟ್ಟಿಯವರಲ್ಲಿ ಒಂದು ದಪ್ಪ ಉಕ್ಕಿನ ಹಲಗೆಯೂ ಇತ್ತು, ಅದರ ಮೇಲೆ ಹೇರಲು ಬೇಕಾದಷ್ಟು ಇಟ್ಟಿಗೆಯೂ ಇತ್ತು. ಹಲಗೆಯನ್ನು ಸರಪಳಿಯಿಂದ ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಕಟ್ಟಿ ಎಳೆಯುವುದು. ಆ ತುದಿಯಲ್ಲಿ ಸುಣ್ಣದ ಗೆರೆ. ಗೆರೆ ಮುಟ್ಟಬೇಕು, ಆಗದಿದ್ದರೆ ಯಾರು ಹೆಚ್ಚು ದೂರ ಹೋದರೋ ಅವರದು ಗೆಲುವು. ತೀರ್ಪು ಹೇಳುವವಳು ಹೆಂಡತಿ. ಅವಳು ಮಾಡಿದ ನಿಯಮವೂ ಒಂದೇ. ಎಳೆಯುವಾಗ ಸರಪಳಿ ಒಮ್ಮೆ ಸಡಿಲವಾಯಿತೆಂದರೆ ಆ ಗಾಡಿಯ ಆಟ ಅಲ್ಲಿಗೆ ಮುಗಿಯಿತು. ಒಬ್ಬ ಎಳೆಯುವಾಗ ಇನ್ನೊಬ್ಬ ಸರಪಳಿಯ ಪಕ್ಕದಲ್ಲೇ ನಡೆದು ನೋಡಬೇಕು. ಎದುರಾಳಿಯನ್ನೇ ಕಾವಲಿಗಿಟ್ಟರೆ ಮೋಸಕ್ಕೆ ಎಡೆಯಿಲ್ಲ ಎಂಬುದು ಅವಳ ಯೋಚನೆ. ಭಟ್ಟಿಯ ಆಳುಗಳು, ಲಾರಿಯವರು, ಬಂಕಿನ ಯಜಮಾನರು ಎಲ್ಲ ಬಂದು ನಿಂತರು.

ಹಗುರ ಹೊರೆಯನ್ನು ಎರಡೂ ಎಳೆದವು. ಅರವತ್ತು ಆಟವಾಡುತ್ತ ಹೋಗಿ ಗೆರೆ ದಾಟಿತು. ಮುದುಕ ಹೋಗಿ ಮುಟ್ಟುವಷ್ಟರಲ್ಲಿ ಯಜಮಾನರು ಎರಡು ಸಲ ಆಕಳಿಸಿದರು. ಆಮೇಲೆ ಆಳುಗಳು ಇಟ್ಟಿಗೆಯ ಮೇಲೆ ಇಟ್ಟಿಗೆ ಹೇರಿ ಎದೆಮಟ್ಟ ಮಾಡಿದರು. ಉಕ್ಕಿನ ಹಲಗೆ ನೆಲಕ್ಕೆ ಕಚ್ಚಿಕೊಂಡು ಕೂತಿತು.

ಭಾವ ಮೊದಲು ಎಳೆದ. ಸರಪಳಿ ಬಿಗಿಯಿತು, ಎಂಜಿನ್ನಿನ ದನಿ ಒಂದು ಸ್ವರವೂ ಇಳಿಯಲಿಲ್ಲ, ಹೊರೆ ಕದಲಿತು. ಅರ್ಧ ಬಯಲು ದಾಟುವವರೆಗೆ ಅವನ ಮುಖದಲ್ಲಿ ನಗುವಿತ್ತು. ಅಷ್ಟು ಹೊತ್ತಿಗೆ ಹಲಗೆಯ ಮುಂದೆ ಮಣ್ಣು ದಿಬ್ಬವಾಗಿ ಕೂಡಿಕೊಳ್ಳುತ್ತ ಭಾರ ಏರುತ್ತಿತ್ತು. ಮುಕ್ಕಾಲು ಪಾಲು ಹೋದಮೇಲೆ ಹಿಂದಿನ ಚಕ್ರ ಜಾರಿತು. ಎಂಜಿನ್ನಿನಲ್ಲಿ ಬಲವೇನೋ ಬೇಕಾದಷ್ಟಿತ್ತು, ಆದರೆ ಆ ಬಲವೆಲ್ಲ ಚಕ್ರವನ್ನು ತಿರುಗಿಸಿತೇ ವಿನಾ ಗಾಡಿಯನ್ನು ಒಯ್ಯಲಿಲ್ಲ. ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡು ಇಳಿದವು. ಭಾವ ಎಂಜಿನ್ ನಿಲ್ಲಿಸಿದ. ಹೆಂಡತಿ ಅಲ್ಲೊಂದು ಗೂಟ ಹೊಡೆದು, ಅದರ ಪಕ್ಕದಲ್ಲೇ ನಿಂತಳು. ಇದರ ಹತ್ತಿರಕ್ಕೂ ಮುದುಕ ಬರುವುದಿಲ್ಲ ಎಂದು ಭಾವ ಮನಸ್ಸಿನಲ್ಲೇ ಅಳೆದ. ಬಾಮೈದನ ಮುಖ ನೋಡಲು ಮಾತ್ರ ಅವನಿಗೆ ಆಗಲಿಲ್ಲ.

ಅರವತ್ತನ್ನು ಗುಂಡಿಯಿಂದ ಎತ್ತಿ ಬದಿಗೆ ನಿಲ್ಲಿಸಿದ ಮೇಲೆ ಆಳುಗಳು ಹಲಗೆಯನ್ನು ಮೊದಲಿನ ಜಾಗಕ್ಕೆ ಒಯ್ದು ಅಷ್ಟೇ ಇಟ್ಟಿಗೆಯನ್ನು ಮತ್ತೆ ಹೇರಿದರು. ಮುದುಕನನ್ನು ಎಬ್ಬಿಸುವುದೇ ಒಂದು ಕಾರ್ಯಕ್ರಮ. ಮೂತಿಯಲ್ಲಿರುವ ಕಬ್ಬಿಣದ ಬುರುಡೆಯನ್ನು ಬೆಂಕಿಯ ದೀಪದಿಂದ ಕೆಂಪಗೆ ಕಾಯಿಸಬೇಕು. ಬಾಮೈದ ಅವಸರವಿಲ್ಲದೆ ಕಾಯಿಸಿದ. ಆಮೇಲೆ ಸ್ಟಿಯರಿಂಗನ್ನೇ ದಂಡದ ಸಮೇತ ಕಿತ್ತು ಕೈಗೆ ತೆಗೆದುಕೊಂಡ. ಯಜಮಾನರು ಗಾಡಿ ಮುರಿದೇ ಹೋಯಿತು ಎಂದುಕೊಂಡು ಅಯ್ಯೋ ಎಂದರು. ಅವನು ಅದನ್ನು ಫ್ಲೈವೀಲಿನ ನಡುವೆ ಚುಚ್ಚಿ, ಆ ಕಡೆ ಈ ಕಡೆ ತೂಗಿ ತೂಗಿ ಒಮ್ಮೆ ಬೀಸಿ ತಿರುಗಿಸಿದ. ಢಂ ಎಂದಿತು. ಒಂದು ಉಸಿರಿನಷ್ಟು ಬಿಡುವು. ಮತ್ತೆ ಢಂ. ಅವನು ಸ್ಟಿಯರಿಂಗನ್ನು ಜಾಗಕ್ಕೆ ಸಿಕ್ಕಿಸಿ ಹತ್ತಿ ಕೂತ.

ಆ ಸದ್ದನ್ನು ಭಾವ ಶೆಡ್ಡಿನಲ್ಲಿ ಎಷ್ಟೋ ಸಲ ಕೇಳಿ ಬೈದಿದ್ದ. ಆದರೆ ಹೊರೆ ಕಟ್ಟಿಕೊಂಡ ಮುದುಕನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಸರಪಳಿ ಬಿಗಿಯಿತು. ಎಂಜಿನ್ನಿನ ಒಂದೊಂದು ಬಡಿತಕ್ಕೂ ಹಿಂದಿನ ಟೈರು ಒಂದಿಷ್ಟು ನೆಲವನ್ನು ಹಿಡಿದು, ಒತ್ತಿ, ಬಿಟ್ಟು, ಮುಂದಿನದನ್ನು ಹಿಡಿಯುತ್ತಿತ್ತು. ಜಾರಲಿಲ್ಲ. ಬಡಿತ ಭಾವನ ಚಪ್ಪಲಿಯನ್ನು ದಾಟಿ ಅಂಗಾಲಿಗೆ, ಅಲ್ಲಿಂದ ಮೊಳಕಾಲಿಗೆ ಏರಿತು. ಅವನು ಲೆಕ್ಕ ಹಾಕಲು ನೋಡಿದ. ಇಪ್ಪತ್ತೈದು ಕುದುರೆಗೆ ಇದು ಆಗದ ಕೆಲಸ ಎಂದು ಲೆಕ್ಕ ಹೇಳುತ್ತಿತ್ತು. ಕಣ್ಣೆದುರು ಎದೆಮಟ್ಟದ ಇಟ್ಟಿಗೆ ತೆವಳುತ್ತಿತ್ತು.

ಗೂಟ ಇನ್ನು ನಾಲ್ಕು ಹೆಜ್ಜೆಯಿದೆ ಎನ್ನುವಾಗ ಮುದುಕ ಸೋತಿತು. ಬಡಿತಗಳ ನಡುವಿನ ಬಿಡುವು ಉದ್ದವಾಯಿತು. ಒಂದು ಢಂ. ಬಹಳ ಹೊತ್ತು ಏನೂ ಇಲ್ಲ. ಇನ್ನೊಂದು, ಅರ್ಧದಲ್ಲೇ ಉಸಿರುಗಟ್ಟಿದ ಹಾಗೆ. ಫ್ಲೈವೀಲು ಮೇಲೆ ಬಂದು, ದಾಟಲಾರದೆ ನಿಂತು, ತೂಗಿ, ಹಿಂದಕ್ಕೆ ಒದೆಯಿತು. ಕಪ್ಪು ಹೊಗೆ ಭುಗ್ಗೆಂದು ಎಲ್ಲರನ್ನೂ ಮುಚ್ಚಿತು. ಎಂಜಿನ್ನು ಉಲ್ಟಾ ತಿರುಗತೊಡಗಿತ್ತು. ಗಾಡಿ ಹಿಂದಕ್ಕೆ ಜಿಗಿಯಿತು, ಭಾವನ ಮೊಳಕಾಲಿನ ಪಕ್ಕದಲ್ಲೇ ಸರಪಳಿ ಜೋತು ನೆಲದ ಕಡೆಗೆ ಬಾಗಿತು. ಗೆದ್ದೆ ಎಂದು ಅವನಿಗೆ ತಿಳಿದದ್ದೂ ಆಗಲೇ.

ಆದರೆ ಬಾಮೈದನ ಕೈಗೆ ಅದು ತಿಳಿಯಲಿಲ್ಲ. ಬದುಕೆಲ್ಲ ರೋಲರಿನ ಮೇಲೆ ಕಳೆದ ಕೈ ಅದು. ಗಾಡಿ ಹಿಂದಕ್ಕೆ ಹೋಯಿತೆಂದರೆ ಸನ್ನೆಕೋಲನ್ನು ಇನ್ನೊಂದು ಕಡೆಗೆ ತಳ್ಳುವುದು, ಮುಂದಕ್ಕೆ ಹೋಯಿತೆಂದರೆ ಈ ಕಡೆಗೆ ಎಳೆಯುವುದು. ಕೇಳಿ ಮಾಡುವ ಕೆಲಸವಲ್ಲ. ಕಾಲು ಕ್ಲಚ್ಚು ತುಳಿಯಿತು, ಕೈ ಗೇರನ್ನು ರಿವರ್ಸಿಗೆ ಎಳೆಯಿತು, ಕಾಲು ಮೆಲ್ಲಗೆ ಮೇಲೆದ್ದಿತು. ಬೇರೆ ಯಾವ ಟ್ರ್ಯಾಕ್ಟರಿನಲ್ಲಾದರೂ ಇದು ಹುಚ್ಚುತನ. ಇಲ್ಲಿ ಎಂಜಿನ್ನೇ ಹಿಂದುಮುಂದಾಗಿ ತಿರುಗುತ್ತಿದ್ದುದರಿಂದ ಹಿಂದಿನ ಗೇರು ಮುಂದಿನದಾಯಿತು. ಮುದುಕನ ರಿವರ್ಸ್ ಗೇರು ಮೊದಲನೆಯದಕ್ಕಿಂತಲೂ ನಿಧಾನದ್ದು, ಅಷ್ಟೇ ಹೆಚ್ಚು ಬಲದ್ದು. ಗೇರ್‌ಬಾಕ್ಸು ಜೋಡಿಸುವ ದಿನ ಹಲ್ಲುಗಳನ್ನು ಎಣಿಸಿ ಇದನ್ನು ಬಾಮೈದನಿಗೆ ಹೇಳಿದವನು ಭಾವನೇ. ಹೇಳಿ ಮರೆತಿದ್ದ. ಹಲ್ಲಿನ ಲೆಕ್ಕ ಹೀಗೊಂದು ದಿನ ಎದ್ದು ನಡೆಯಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ.

ಸರಪಳಿ ಮತ್ತೆ ಬಿಗಿಯಿತು. ಉಕ್ಕು ಕಿರ್ರೆಂದಿತು. ನಿಂತ ಹೊರೆಯನ್ನು ಕದಲಿಸುವುದು ನಡೆಯುವ ಹೊರೆಯನ್ನು ಎಳೆಯುವುದಕ್ಕಿಂತ ಕಷ್ಟ, ಅದೂ ಮುಂದೆ ಮಣ್ಣಿನ ದಿಬ್ಬ ಒಟ್ಟಿಕೊಂಡಾಗ. ಢಂ ಎಂದಿತು, ಕದಲಲಿಲ್ಲ. ಢಂ ಎಂದಿತು, ಇಟ್ಟಿಗೆಯ ಮೇಲಿನ ಧೂಳು ಉದುರಿತು. ಮೂರನೆಯದಕ್ಕೆ ಇಡೀ ಹೊರೆ, ಮುಂದಿನ ಮಣ್ಣಿನ ದಿಬ್ಬದ ಸಮೇತ, ಒಂದು ಮನೆಯೇ ಎದ್ದು ಹೊರಟ ಹಾಗೆ ಹೊರಟಿತು. ಭಾವನ ಮೈಮೇಲಿನ ಕೂದಲೆಲ್ಲ ನೆಟ್ಟಗಾಯಿತು. ಅವನ ಬಳಿ ಅಳತೆ ಇರಲಿಲ್ಲ. ನಲವತ್ತು ದಾಟಿದ ಮೇಲೆ ಮೊದಲ ಸಲ ಅವನು ಏನನ್ನೂ ಎಣಿಸದೆ, ಬಿಟ್ಟ ಕಣ್ಣು ಬಿಟ್ಟಂತೆ, ಸರಪಳಿಯ ಪಕ್ಕದಲ್ಲಿ ಸುಮ್ಮನೆ ನಡೆದ. ಅಳು ಬರುತ್ತಿದೆ ಎಂದು ಗೊತ್ತಾಯಿತು. ಹೊಗೆಯೆಂದು ಒರೆಸಿಕೊಂಡ. ಮುದುಕ ಗೂಟ ದಾಟಿತು, ಗುಂಡಿಗಳನ್ನು ದಾಟಿತು, ಒಂದೇ ಗುಂಡಿಗೆಯನ್ನು ಉಲ್ಟಾ ಬಡಿದುಕೊಳ್ಳುತ್ತ ಹೋಗಿ ಸುಣ್ಣದ ಗೆರೆಯನ್ನು ಮುಟ್ಟಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಟ್ಟಿಗೆ ಹೊರುವ ಒಬ್ಬ ಹೆಂಗಸು ಮಾತ್ರ ಹತ್ತಿರ ಬಂದು ಚಕ್ರವನ್ನು ಮುಟ್ಟಿ ನೋಡಿ ಹೋದಳು. ಬಾಮೈದ ಇಳಿದ. ಉಲ್ಟಾ ಹೊಡೆದ ಕೂಡಲೇ ತಾನು ಸೋತೆನೆಂದು ಅವನ ಮುಖದಲ್ಲೇ ಬರೆದಿತ್ತು, ಆಮೇಲೆ ನಡೆದದ್ದು ಏನೆಂದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ಹೆಂಡತಿ ಗೂಟದ ಕಡೆಯಿಂದ ನಿಧಾನವಾಗಿ ನಡೆದು ಬಂದಳು. ಹೊಗೆಯ ಆ ಬದಿಯಲ್ಲಿದ್ದ ಅವಳಿಗೆ ಏನು ಕಂಡೀತು ಎಂದುಕೊಂಡ ಭಾವ.

"ಸರಪಳಿ ನೋಡ್ತಿದ್ದವರು ನೀವು," ಅವಳು ಗಂಡನಿಗೆ ಹೇಳಿದಳು. "ಸಡಿಲ ಆಯ್ತಾ?"

ಎಲ್ಲರೂ ಅವನತ್ತ ತಿರುಗಿದರು. ಭಾವ ಹೇಳಿದರೆ ಹೇಳಿದ್ದೇ. ಅವನ ಕಣ್ಣು ಬದಿಯಲ್ಲಿ ನಿಂತ ಅರವತ್ತರ ಮೇಲೆ ಹೋಯಿತು. ಅದರ ಎಂಜಿನ್ನಿಗೆ ತಾನು ಹಾಕಿದ ಹೊಲಿಗೆ ಇಲ್ಲಿಂದಲೇ ಕಾಣುತ್ತಿತ್ತು. ನಿಜ ಹೇಳಿದರೆ ಅದು ಇವತ್ತೇ ಮನೆಗೆ ಹೋಗುತ್ತದೆ. ಹೇಳದಿದ್ದರೆ ಅದರ ಕಾಲಿಗೆ ಸಿಮೆಂಟು. ಆದರೆ ಈಗ ಕಂಡದ್ದನ್ನು ಕಂಡಮೇಲೆ, ಆ ಬಡಿತ ಇನ್ನೆಂದೂ ಬಾರದಂತೆ ಮುದುಕನನ್ನು ಬಂಕಿನ ಬಾಗಿಲಲ್ಲಿ ಕೂರಿಸಲು ಅವನ ಮನಸ್ಸು ಸುತರಾಂ ಒಪ್ಪಲಿಲ್ಲ.

"ಇಲ್ಲ," ಎಂದ. "ಬಿಗಿಯಾಗೇ ಇತ್ತು."

ಬಾಮೈದ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನಿಜವಾಗಲೂನಾ ಭಾವ ಎಂದು ಎರಡು ಸಲ ಕೇಳಿದ. ಭಾವ ಎರಡು ಸಲವೂ ಹೂಂಗುಟ್ಟಿದ. ಹೆಂಡತಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಮ್ಮ ಗೆದ್ದನೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಯಜಮಾನರಿಗೆ ಸಂತೋಷವೋ ಸಂತೋಷ. ಅರವತ್ತೇ ನೋಡಲು ಲಕ್ಷಣವಾಗಿದೆ, ನಾಳೆ ಬೆಳಿಗ್ಗೆಯೇ ತನ್ನಿ ಎಂದರು.

ಮರುದಿನ ಬೆಳಿಗ್ಗೆ ಭಾವ ಅರವತ್ತನ್ನು ತಾನೇ ಓಡಿಸಿಕೊಂಡು ಹೊರಟ. ಬಾಮೈದ ಬರುತ್ತೇನೆ ಎಂದದ್ದಕ್ಕೆ ಬೇಡ ಎಂದ. ಹೆಂಡತಿಯನ್ನು ಕರೆದಿರಲಿಲ್ಲ, ಅವಳೇ ಬಂದು ಮಡ್‌ಗಾರ್ಡಿನ ಮೇಲೆ ಕೂತಳು. ಅವಳು ಗಾಡಿ ಓಡಿಸಲು ಕಲಿತದ್ದು ಇದರ ಮೇಲೆಯೇ. ಮೊದಲ ದಿನವೇ ನೆರೆಮನೆಯ ಬೇಲಿ ಕೆಡವಿ, ಗಂಡ ಬಾಯಿ ತೆರೆಯುವ ಮೊದಲೇ, ಬೇಲಿ ಅಲ್ಲಿರಬಾರದಿತ್ತು ಎಂದಿದ್ದಳು. ದಾರಿಯುದ್ದಕ್ಕೂ ಎಂಜಿನ್ನು ಸಣ್ಣಗೆ, ಒಂದೇ ಸಮನೆ, ಹೊಗೆಯಿಲ್ಲದೆ ಓಡಿತು.

ಬಂಕಿನ ಬಾಗಿಲಲ್ಲಿ ನಾಲ್ಕು ಗುಂಡಿ ತೋಡಿಟ್ಟಿದ್ದರು. ಪಕ್ಕದಲ್ಲಿ ಇಬ್ಬರು ಸಿಮೆಂಟು ಕಲಸುತ್ತಿದ್ದರು. ಭಾವ ಒಂದೊಂದು ಚಕ್ರವನ್ನೂ ಅದರದರ ಗುಂಡಿಯಲ್ಲಿ, ಒಂದು ಕೂದಲಿನಷ್ಟೂ ಆಚೀಚೆ ಇಲ್ಲದೆ ಇಳಿಸಿದ. ಆದರೆ ಎಂಜಿನ್ನು ನಿಲ್ಲಿಸುವ ಹಿಡಿಗೆ ಹೋದ ಕೈ ಅಲ್ಲೇ ಉಳಿಯಿತು. ಕಲಸುವವರು ಕಾದರು. ಯಜಮಾನರು ಎರಡು ಸಲ ಕೆಮ್ಮಿದರು. ಕೊನೆಗೆ ಅವನು ಹಿಡಿ ಎಳೆದ. ಹೆದ್ದಾರಿಯ ಗದ್ದಲವೆಲ್ಲ ಒಮ್ಮೆಗೇ ಕಿವಿಗೆ ಬಂತು.

"ಎಷ್ಟು ಸಡಿಲ ಆಗಿತ್ತು?" ಹೆಂಡತಿ ಮೆಲ್ಲಗೆ ಕೇಳಿದಳು.

ಅವನು ಸ್ಟಿಯರಿಂಗನ್ನೇ ನೋಡುತ್ತ ಕೂತ. ಇಲ್ಲ ಎನ್ನಲು ಬಾಯಿ ತೆರೆದ. ನಿನ್ನೆ ಬಂದ ಸುಳ್ಳು ಇವತ್ತು ಬರಲಿಲ್ಲ.

"ಒಂದು ಗೇಣು," ಎಂದ.

"ನಾನು ನಿಂತ ಕಡೆಯಿಂದ ಒಂದೂವರೆ ಕಾಣಿಸ್ತು," ಎಂದು ಹೇಳಿ ಅವಳು ಮಡ್‌ಗಾರ್ಡಿನಿಂದ ಇಳಿದಳು. ಸಿಮೆಂಟಿನವರಿಗೆ ದಾರಿ ಬಿಟ್ಟು ನಿಂತು, ಗಂಡ ಇಳಿಯಲೆಂದು ಕೈ ಚಾಚಿದಳು.